ಕಬ್ಬಿಣ ಯಾವ ನೀರಿಗೆ?

ದಕ್ಷಿಣ ಕನ್ನಡ ಜಿಲ್ಲೆಯ ಕೋಡಿಂಬಾಳದ ಕಡೆ ಹೆಂಗಸೊಬ್ಬರು ಗುಡ್ಡೆ ಹತ್ತುವಾಗ ಎರಡು ಸಲ ನಿಂತು ಉಸಿರು ಎಳೆದುಕೊಂಡರೆ ಜೊತೆಗಿದ್ದವರು ತುಳುವಿನಲ್ಲಿ ಒಂದೇ ಮಾತು ಹೇಳುತ್ತಾರೆ: ನೆತ್ತೆರ್ ಕಮ್ಮಿ. ರಕ್ತ ಕಡಿಮೆ. ಈ ಸಲ ಮಳೆ ಕಡಿಮೆ ಎಂದ ಹಾಗೆ ಅದನ್ನು ಹೇಳುತ್ತಾರೆ. ಕೇಳಿದವರು ಗಾಬರಿಯಾಗುವುದಿಲ್ಲ, ಹೇಳಿಸಿಕೊಂಡವರು ಆಸ್ಪತ್ರೆಗೆ ಹೋಗುವುದಿಲ್ಲ. ಅಡಿಕೆ ಹೆಕ್ಕುವುದು, ದನಕ್ಕೆ ಹುಲ್ಲು ತರುವುದು, ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೊರಡುವುದು, ಎಲ್ಲವೂ ಆ ಕಡಿಮೆ ರಕ್ತದಲ್ಲೇ ನಡೆಯುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5. ದೇಶದಲ್ಲಿ ಕಬ್ಬಿಣದ ಮಾತ್ರೆ ಹಂಚುವ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಅರ್ಧ ಶತಮಾನ ಮಾತ್ರೆ ಹಂಚಿದ ಮೇಲೂ ಲೆಕ್ಕ ಹೀಗಿದೆ ಎಂದಾಗ, ಮಾತ್ರೆ ನುಂಗದ ಜನ ನೀರನ್ನಂತೂ ಕುಡಿದೇ ಕುಡಿಯುತ್ತಾರಲ್ಲ, ಕಬ್ಬಿಣವನ್ನು ಕುಡಿಯುವ ನೀರಿಗೇ ಸೇರಿಸಿಬಿಟ್ಟರೇನು ಎಂಬ ಆಲೋಚನೆ ಬರುವುದು ಸಹಜ. ಪಂಚಾಯತಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವ ಹಾಗೆ ಇದನ್ನೂ ಹಾಕಿದರೆ ಮಾತ್ರೆಯ ವಾಕರಿಕೆ ಇಲ್ಲ, ಕಪ್ಪು ಮಲದ ಹೆದರಿಕೆ ಇಲ್ಲ, ಮರೆತುಹೋಗುವ ಮಾತೂ ಇಲ್ಲ.

ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಬ್ರೆಜಿಲ್‌ನಲ್ಲಿ ದುತ್ರಾ ದೆ ಒಲಿವೇರಾ ಮತ್ತು ಸಂಗಡಿಗರು ಇದನ್ನು ಮಾಡಿ ನೋಡಿ 1994ರಲ್ಲಿ ವರದಿ ಪ್ರಕಟಿಸಿದರು. ನಮ್ಮ ಅಂಗನವಾಡಿಯಂಥ ಒಂದು ಶಿಶುಕೇಂದ್ರದಲ್ಲಿ ಸುಮಾರು ಮೂವತ್ತು ಮಕ್ಕಳು ಕುಡಿಯುವ ನೀರಿಗೆ ಲೀಟರಿಗೆ 20 ಮಿಲಿಗ್ರಾಂ ಲೆಕ್ಕದಲ್ಲಿ ಕಬ್ಬಿಣ ಬೆರೆಸಿದರು. ಎಂಟು ತಿಂಗಳಲ್ಲಿ ಮಕ್ಕಳ ಹಿಮೋಗ್ಲೋಬಿನ್ ಚೆನ್ನಾಗಿ ಏರಿತು, ರಕ್ತಹೀನರ ಸಂಖ್ಯೆ ಬಹಳ ಇಳಿಯಿತು. ಪ್ರಯೋಗ ಸಣ್ಣದು. ಆದರೂ ನೀರಿನ ಮೂಲಕ ಹೋದ ಕಬ್ಬಿಣ ಮಗುವಿನ ರಕ್ತಕ್ಕೆ ಸೇರುತ್ತದೆ ಎಂಬುದು ಅಲ್ಲಿ ಕಂಡಿತು.

ಹಾಗಿದ್ದೂ ಊರಿನ ನಲ್ಲಿ ನೀರಿಗೆ ಕಬ್ಬಿಣ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ರೆಜಿಲ್‌ನವರು ಹಾಕಿದ್ದು ಮಕ್ಕಳ ಕುಡಿಯುವ ನೀರಿಗೆ. ಊರಿನ ಟ್ಯಾಂಕಿಗಲ್ಲ. ಈ ಎರಡರ ನಡುವಿನ ಅಂತರವನ್ನು ನಮ್ಮ ನೆಲದ ಮೇಲೆ ನಿಂತು ನೋಡಬೇಕು.

ನಮ್ಮ ನೆಲವೇ ಕಬ್ಬಿಣದ ನೆಲ. ಮನೆ ಕಟ್ಟುವ ಮುರಕಲ್ಲಿನ ಕೆಂಪು ಬಣ್ಣ ಕಬ್ಬಿಣದ್ದು. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆಯ ಹಾಗೆ ಕಡಿದು ತೆಗೆಯಲು ಬರುವ ಕಲ್ಲು ಎಂಬ ಕಾರಣಕ್ಕೆ ಆ ಹೆಸರು. ಲಕ್ಷಾಂತರ ವರ್ಷ ಸುರಿದ ಮಳೆ ಕರಗುವ ಲವಣಗಳನ್ನೆಲ್ಲ ತೊಳೆದು ಕುಮಾರಧಾರೆಗೆ, ಅಲ್ಲಿಂದ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಕೊನೆಗೆ ಕಡಲಿಗೆ ಒಯ್ದಿದೆ. ಕರಗದ ಕಬ್ಬಿಣ ತುಕ್ಕಾಗಿ ಇಲ್ಲೇ ಉಳಿದಿದೆ. ಕೆಂಪು ಕಲ್ಲಿನ ಗೋಡೆಯೊಳಗೆ ಬಿಳಿಚಿಕೊಂಡ ಬಾಣಂತಿ ಮಲಗಿರುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗಿ ಸಂಕಟವಾಗುತ್ತದೆ. ಕಬ್ಬಿಣ ಎಷ್ಟಿದೆ ಎನ್ನುವುದಕ್ಕಿಂತ ಯಾವ ರೂಪದಲ್ಲಿದೆ ಎನ್ನುವುದು ಮುಖ್ಯ. ಗಾಳಿ ತಗುಲಿದ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಮುರಕಲ್ಲಿನ ತೆರೆದ ಬಾವಿಯಲ್ಲಿ ಸುತ್ತಲಿನ ಗೋಡೆ ಎಷ್ಟು ಕೆಂಪಿದ್ದರೂ ನೀರು ಸಾಮಾನ್ಯವಾಗಿ ಕನ್ನಡಿಯಂತೆ ತಿಳಿಯಾಗಿರುತ್ತದೆ.

ಬೋರ್‌ವೆಲ್ಲಿನ ಕಥೆ ಬೇರೆ. ಆಳದಲ್ಲಿ ಗಾಳಿಯಿಲ್ಲದ ಕಡೆ ಕಬ್ಬಿಣ ಕರಗಿದ ರೂಪದಲ್ಲಿರುತ್ತದೆ. ಪಂಪಿನಿಂದ ಬರುವಾಗ ತಿಳಿಯಾಗಿದ್ದ ನೀರು ಬಾಲ್ದಿಯಲ್ಲಿ ಒಂದು ರಾತ್ರಿ ಕಳೆದರೆ ಮೇಲೆ ಎಣ್ಣೆಯಂಥ ಕೆನೆ, ತಳದಲ್ಲಿ ಕಂದು ಗಸಿ. ಬಿಳಿ ಬಟ್ಟೆ ಹಳದಿಯಾಗುತ್ತದೆ. ಅಂಥ ನೀರಿನಲ್ಲಿ ಚಾ ಮಾಡಿದರೆ ಶಾಯಿಯ ಬಣ್ಣ. ಅದು ಬಾಯಿಗೆ ತುಕ್ಕು ರುಚಿ ಕೊಡುತ್ತದೆಂದು ನಮ್ಮವರು ಬೋರಿನ ನೀರನ್ನು ತೋಟಕ್ಕೆ ಬಿಟ್ಟು, ಕುಡಿಯಲು ಹಳೆಯ ಬಾವಿಯನ್ನೇ ಇಟ್ಟುಕೊಂಡಿರುವ ಮನೆಗಳು ಬೇಕಷ್ಟಿವೆ.

ನಲ್ಲಿಗೆ ಕಬ್ಬಿಣ ಹಾಕುವುದೆಂದರೆ ಈ ಬಾಲ್ದಿಯನ್ನೇ ಊರಿಡೀ ಹಂಚಿದಂತೆ. ಜಲಜೀವನ ಮಿಷನ್ನಿನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಅದರಲ್ಲಿ ಮನುಷ್ಯ ಕುಡಿಯುವುದು ಎರಡೋ ಮೂರೋ ಲೀಟರ್. ಲೀಟರಿಗೆ ಬರೇ 5 ಮಿಲಿಗ್ರಾಂ ಹಾಕಿದೆವು ಎಂದಿಟ್ಟುಕೊಳ್ಳಿ. ತಲೆಗೆ 275 ಮಿಲಿಗ್ರಾಂ ಸುರಿದಂತಾಯಿತು, ಬಾಯಿಗೆ ಹೋದದ್ದು 10ರಿಂದ 15. ಉಳಿದದ್ದೆಲ್ಲ ಬಚ್ಚಲಿಗೆ, ಪಾತ್ರೆಗೆ, ಹಟ್ಟಿಗೆ. ಇನ್ನು ಕ್ಲೋರಿನ್ ವಿಷಯ. ಕರಗಿದ ಒಂದು ಮಿಲಿಗ್ರಾಂ ಕಬ್ಬಿಣ ಸುಮಾರು 0.6 ಮಿಲಿಗ್ರಾಂ ಕ್ಲೋರಿನ್ನನ್ನು ತಿಂದುಹಾಕುತ್ತದೆ. ರೋಗಾಣು ಸಾಯಲು ಲೀಟರ್ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುವುದು ಭಾರತೀಯ ಮಾನಕ. ಐದು ಮಿಲಿಗ್ರಾಂ ಕಬ್ಬಿಣಕ್ಕೆ ಮೂರು ಮಿಲಿಗ್ರಾಂ ಕ್ಲೋರಿನ್ ಆಹುತಿಯಾದ ಮೇಲೆ ಉಳಿಯುವುದೇನು? ರಕ್ತ ಕೊಡಲು ಹೋಗಿ ವಾಂತಿ ಭೇದಿ ಕೊಟ್ಟಂತಾದೀತು. ಮಳೆಗಾಲದಲ್ಲಿ ಬಾವಿಗೆ ಕೆಂಪು ನೀರು ಇಳಿಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಇದಕ್ಕಿಂತ ದೊಡ್ಡ ಅಡ್ಡಿ ನಮ್ಮ ಅಡುಗೆಮನೆಯಲ್ಲೇ ಇದೆ. ಕರಾವಳಿಯವರು ನೀರು ಕುದಿಸಿ ಆರಿಸಿ ಕುಡಿಯುವವರು. ಜೀರಿಗೆ ಹಾಕಿ, ಲಾವಂಚದ ಬೇರು ಹಾಕಿ ಕುದಿಸುತ್ತಾರೆ. ಕುದಿದಾಗ ಕರಗಿದ ಕಬ್ಬಿಣ ಗಸಿಯಾಗಿ ತಳ ಸೇರುತ್ತದೆ. ಮೇಲಿನ ತಿಳಿ ಬಸಿದುಕೊಂಡು ತಳದ ಕೊಳೆ ಚೆಲ್ಲುವುದು ಅಜ್ಜಿಯರು ಕಲಿಸಿದ ಶುಚಿ. ಕುದಿಸಬೇಡಿ ಎಂದು ಯಾವ ಬಾಯಿಂದ ಹೇಳುವುದು? ಕುದಿಸಿ ಕುಡಿಯಿರಿ ಎಂದು ಆಶಾ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಹೇಳುತ್ತಿದ್ದಾರೆ. ಕುದಿಸಿದರೂ ಅಷ್ಟು ಸುಲಭದಲ್ಲಿ ಗಸಿಗಟ್ಟದ ಕಬ್ಬಿಣದ ಸಂಯುಕ್ತಗಳು ಇವೆ, ಸೋಡಿಯಂ ಐರನ್ ಇಡಿಟಿಎ ಅಂಥದೊಂದು. ಅದನ್ನು ಹಿಟ್ಟಿಗೆ ಬೆರೆಸಿದರೆ ಬೆಲೆಗೆ ತಕ್ಕ ಫಲ ಇದೆ. ನೂರರಲ್ಲಿ ತೊಂಬತ್ತೈದು ಪಾಲು ಬಚ್ಚಲಿಗೆ ಹೋಗುವ ನೀರಿಗೆ ಬೆರೆಸುವುದಕ್ಕೆ ನನಗೆ ಸಮಾಧಾನವಿಲ್ಲ.

ಕೊನೆಯ ಆಕ್ಷೇಪ ಹಣದ್ದಲ್ಲ, ಒಪ್ಪಿಗೆಯದು. ಮಾತ್ರೆಯನ್ನು ಬೇಡ ಎನ್ನಬಹುದು, ಅಕ್ಕಿಯನ್ನು ಬದಲಿಸಬಹುದು, ನೀರನ್ನು ಬಿಡಲಾಗದು. ನೀರಿನಲ್ಲಿ ಇರುವುದು ಊರಿನ ಎಲ್ಲ ಮೈಗಳಿಗೂ ಒಂದೇ ಪ್ರಮಾಣದಲ್ಲಿ ಸೇರುತ್ತದೆ ಎನ್ನುವುದರ ಅರ್ಥ ಪಾವಗಡದವರಿಗೆ ಗೊತ್ತು. ಅಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ತಲೆಮಾರುಗಳ ಹಲ್ಲು ಮೂಳೆಗಳನ್ನು ಕೆಡಿಸಿತು. ಅದೇ ಫ್ಲೋರೈಡನ್ನು ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ 1945ರಲ್ಲಿ ಹಲ್ಲಿನ ರಕ್ಷಣೆಗೆಂದು ತಾನೇ ನೀರಿಗೆ ಸೇರಿಸಿತು. ಕಬ್ಬಿಣ ಫ್ಲೋರೈಡಿನಂಥ ವಿಷವಲ್ಲ, ಒಪ್ಪುತ್ತೇನೆ. ಆದರೆ ಥಲಸ್ಸೇಮಿಯಾ ಇರುವ ಮಗುವಿಗೆ ಹೊರಗಿನಿಂದ ಏರಿಸುವ ಪ್ರತಿ ಯೂನಿಟ್ ರಕ್ತದೊಂದಿಗೆ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಮೈಗೆ ಸೇರುತ್ತದೆ. ಹೃದಯದಲ್ಲಿ, ಪಿತ್ತಜನಕಾಂಗದಲ್ಲಿ ಕೂತ ಆ ಕಬ್ಬಿಣವನ್ನು ಹೊರತೆಗೆಯಲು ಮನೆಯವರು ಜೀವಮಾನವಿಡೀ ಔಷಧಿಗೆ ಹಣ ಸುರಿಯುತ್ತಾರೆ. ಅಂಥ ಒಂದು ಮನೆಯ ನಲ್ಲಿಯಲ್ಲೂ ಕಬ್ಬಿಣ ಬರಲಿ ಎಂದು ಹೇಳುವ ಧೈರ್ಯ ನನಗಿಲ್ಲ.

ಹೊರಗಿನ ಎರಡು ದೇಶಗಳ ಅನುಭವ ಇಲ್ಲಿ ನಮಗೆ ಬೇಕಾದದ್ದು. ಕಾಂಬೋಡಿಯಾದಲ್ಲಿ ಕೆನಡಾದ ಸಂಶೋಧಕ ಕ್ರಿಸ್ಟೋಫರ್ ಚಾರ್ಲ್ಸ್ 2008ರ ಹೊತ್ತಿಗೆ ಅಂಗೈಯಲ್ಲಿ ಹಿಡಿಯುವಂಥ ಕಬ್ಬಿಣದ ಮೀನನ್ನು ಅಡುಗೆ ಪಾತ್ರೆಯೊಳಗೆ ಹಾಕಿ ಕುದಿಸುವ ಉಪಾಯ ಕಂಡುಹಿಡಿದರು. ಕುದಿಯುವ ನೀರಿಗೆ ಒಂದಿಷ್ಟು ಹುಳಿ ಬಿಟ್ಟರೆ ಕಬ್ಬಿಣ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮೀನು ಅಲ್ಲಿ ಅದೃಷ್ಟದ ಗುರುತು, ಹೆಂಗಸರು ಸಂತೋಷದಿಂದ ಒಪ್ಪಿದರು. ಮೊದಲ ವರದಿಗಳು ಆಶಾದಾಯಕವಾಗಿದ್ದವು. ಆದರೆ 2017ರಲ್ಲಿ ಪ್ರಕಟವಾದ ಕಟ್ಟುನಿಟ್ಟಿನ ಅಧ್ಯಯನದಲ್ಲಿ ಮೀನಿನಿಂದ ಹಿಮೋಗ್ಲೋಬಿನ್ ಏರಲಿಲ್ಲ. ಕಾರಣ ಮೀನಿನದಲ್ಲ. ಆ ಹೆಂಗಸರಲ್ಲಿ ಬಹಳ ಮಂದಿಯ ರಕ್ತಹೀನತೆ ಕಬ್ಬಿಣದ ಕೊರತೆಯಿಂದ ಬಂದದ್ದೇ ಅಲ್ಲ. ಹುಟ್ಟಿನಿಂದ ಬಂದ ಹಿಮೋಗ್ಲೋಬಿನ್ನಿನ ವ್ಯತ್ಯಾಸ ಅಲ್ಲಿ ಸಾಮಾನ್ಯ. ಇಲ್ಲದ ಕೊರತೆಯನ್ನು ತುಂಬಲು ಯಾವ ಲೋಹದಿಂದಲೂ ಆಗದು.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇನ್ನೊಂದು ಕೌತುಕ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಕ್ತಹೀನ ಹೆಂಗಸರು ಬಹಳ, ಕಬ್ಬಿಣದ ಕೊರತೆ ಇದ್ದವರು ತೀರಾ ಕಡಿಮೆ. ಅವರು ಕುಡಿಯುತ್ತಿದ್ದ ಕೊಳವೆಬಾವಿ ನೀರಿನಲ್ಲೇ ಕಬ್ಬಿಣ ತುಂಬಿತ್ತು. ಯಾರೂ ಹಾಕದೆಯೇ ನೀರು ತನ್ನ ಕೆಲಸ ಮಾಡಿತ್ತು. ನನ್ನ ವಾದಕ್ಕೆ ಇದು ಒಂದು ಕಡೆಯಿಂದ ಎದುರು ನಿಲ್ಲುತ್ತದೆ, ಬಚ್ಚಿಡುವುದಿಲ್ಲ: ನೀರಿನ ಕಬ್ಬಿಣ ಮೈಗೆ ಹತ್ತುತ್ತದೆ. ಇನ್ನೊಂದು ಕಡೆಯಿಂದ ಕೇಳಿದರೆ, ನಮ್ಮ ಬೋರುಗಳಲ್ಲಿ ಈಗಾಗಲೇ ಎಷ್ಟಿದೆ ಎಂದು ನೋಡದೆ ಮೇಲೆ ಮತ್ತೆ ಹಾಕುವುದೇ?

ವಿಚಿತ್ರವೆಂದರೆ ಸರ್ಕಾರದ ನೀರಿನ ಇಲಾಖೆಗೆ ಕಬ್ಬಿಣ ಒಂದು ಕಲ್ಮಷ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.3 ಮಿಲಿಗ್ರಾಂ ಇತ್ತು, ಆಮೇಲಿನ ತಿದ್ದುಪಡಿಯಲ್ಲಿ 1 ಮಿಲಿಗ್ರಾಂ ಆಯಿತು. ಅದಕ್ಕಿಂತ ಹೆಚ್ಚಿದ್ದರೆ ತೆಗೆಯುವ ಘಟಕ ಕೂರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಈ ಮಟ್ಟದ ಕಬ್ಬಿಣಕ್ಕೆ ಆರೋಗ್ಯದ ಮಿತಿಯನ್ನೇ ಇಟ್ಟಿಲ್ಲ. ರುಚಿ, ಕಲೆ, ಬಣ್ಣದ ತಕರಾರು ಅಷ್ಟೇ ಎನ್ನುತ್ತದೆ. ಹೀಗೆ ಒಂದು ಇಲಾಖೆ ತೆಗೆದದ್ದನ್ನು ಇನ್ನೊಂದು ಇಲಾಖೆ ಮಾತ್ರೆಯಲ್ಲಿ, ಮೂರನೆಯದು ಅಕ್ಕಿಯಲ್ಲಿ ಹಾಕುತ್ತ ಬಂದಿದೆ.

ಅಕ್ಕಿಯ ವಿಷಯವನ್ನೂ ಹೇಳಬೇಕು, ಯಾಕೆಂದರೆ ನೀರಿಗೆ ಹಾಕುವ ಮಾತಾಡುವಾಗ ತಟ್ಟೆಯಲ್ಲಿ ಆಗಲೇ ಏನಿದೆ ಎಂದು ಲೆಕ್ಕ ಬೇಕಲ್ಲ. 2021ರ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದ ಮೇಲೆ ಪಡಿತರದಲ್ಲೂ ಅಂಗನವಾಡಿ, ಬಿಸಿಯೂಟದಲ್ಲೂ ಸಾರವರ್ಧಿತ ಅಕ್ಕಿ ಬಂತು. ನೂರು ಕಾಳಿಗೆ ಒಂದು ಕಾಳು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಒತ್ತಿದ್ದು. ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ. ಆ ಕಾಳು ನೀರಿನಲ್ಲಿ ತೇಲಿದಾಗ ಪ್ಲಾಸ್ಟಿಕ್ ಅಕ್ಕಿ ಎಂದು ಕರ್ನಾಟಕದ ಊರೂರುಗಳಲ್ಲಿ ಗುಲ್ಲಾಯಿತು, ಹೆಂಗಸರು ಆರಿಸಿ ಎಸೆದರು. ಜನರಿಗೆ ಮೊದಲೇ ಹೇಳದೆ ಊಟದೊಳಗೆ ಏನನ್ನಾದರೂ ಸೇರಿಸಿದರೆ ಹೀಗೇ ಆಗುವುದು. ನಮ್ಮ ಕಡೆಯಂತೂ ಊಟಕ್ಕೆ ಕುಚ್ಚಲಕ್ಕಿ. ಪಡಿತರದ ಬೆಳ್ತಿಗೆ ಅಕ್ಕಿ ದೋಸೆಗೆ, ಇಡ್ಲಿಗೆ ಹೋಗುವುದೇ ಹೆಚ್ಚು. ಇದರ ಜೊತೆಗೆ ಆರು ತಿಂಗಳು ದಾಟಿದ ಮಗುವಿಗೆ ವಾರಕ್ಕೆ ಎರಡು ಸಲ 20 ಮಿಲಿಗ್ರಾಂ ಕಬ್ಬಿಣದ ಸಿರಪ್, ಶಾಲೆಯ ಚಿಕ್ಕವರಿಗೆ ಗುಲಾಬಿ ಮಾತ್ರೆ, ದೊಡ್ಡವರಿಗೆ ನೀಲಿ, ಬಸುರಿಯರಿಗೆ ಕೆಂಪು. ಇಷ್ಟೆಲ್ಲದರ ಒಟ್ಟು ಲೆಕ್ಕ ಒಂದು ಮಗುವಿನ ಹೆಸರಿನ ಎದುರು ಬರೆದಿಟ್ಟ ಪುಸ್ತಕ ಎಲ್ಲಿದೆ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಅನುರಾ ಕುರ್ಪದ್ ಅವರಂಥ ವಿಜ್ಞಾನಿಗಳು ಒಂದರ ಮೇಲೊಂದು ಕಬ್ಬಿಣ ಪೇರಿಸುವುದರ ಬಗ್ಗೆ ಎಚ್ಚರಿಸುತ್ತ ಬಂದಿರುವುದು ಇದೇ ಕಾರಣಕ್ಕೆ.

ಅದೇ ಸಂಸ್ಥೆಯವರು ಪಾಲ್ಗೊಂಡ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅನ್ನದ ಊಟದ ಜೊತೆ ಒಂದು ಕಪ್ ಚಾ ಕುಡಿದರೆ ಯುವತಿಯರ ಮೈಗೆ ಹತ್ತುವ ಕಬ್ಬಿಣ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಅದರಲ್ಲಿ ಕಂಡಿತು. ವಿಟಮಿನ್ ಸಿ ಜೊತೆಗಿದ್ದರೆ ಏರುತ್ತದೆ. ಬೆಂಗಳೂರಿನ ಪ್ರಯೋಗಾಲಯದ ಈ ಮಾತು ಕೋಡಿಂಬಾಳದ ರಬ್ಬರ್ ತೋಟಕ್ಕೆ ನೇರ ಅನ್ವಯಿಸುತ್ತದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಚಾ, ತಿಂಡಿಗೆ ಚಾ, ಹತ್ತು ಗಂಟೆಗೆ ಚಾ, ಊಟವಾದ ಮೇಲೆ ವೀಳ್ಯ. ಹುರುಳಿ ಸಾರಿನಲ್ಲಿ ಕಬ್ಬಿಣವಿದೆ, ಹರಿವೆ ಪಲ್ಯದಲ್ಲಿದೆ, ಬೂತಾಯಿ ಮೀನಿನದ್ದಂತೂ ಸುಲಭವಾಗಿ ಹತ್ತುತ್ತದೆ. ಹುರುಳಿ, ಹರಿವೆಯ ಕಬ್ಬಿಣವನ್ನು ಚಾದ ಒಗರು ಹಿಡಿದು ಕೂರಿಸುತ್ತದೆ. ಊಟಕ್ಕೂ ಚಾಕ್ಕೂ ನಡುವೆ ಒಂದು ಗಂಟೆ ಬಿಡುವುದಕ್ಕೆ ಸರ್ಕಾರದ ಟೆಂಡರ್ ಬೇಡ. ಆದರೆ ಹೀಗೆ ಮಾಡಿ ಎಂದು ಹೇಳುವವರು ಬೇಕು. ಬರೇ ಸೊಪ್ಪು ತಿನ್ನಿ ಎಂದು ಹೇಳಿ ಎದ್ದುಹೋಗುವ ವೈದ್ಯರಿಂದ ಇದು ಆಗುವುದಿಲ್ಲ. ಬೆಲ್ಲದ ಬಗ್ಗೆಯೂ ಒಂದು ಮಾತು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ನಮ್ಮ ಪದ್ಧತಿ ಪ್ರೀತಿಯದು, ಆದರೆ ಬೆಲ್ಲ ತಿಂದರೆ ರಕ್ತ ಆಗುತ್ತದೆ ಎಂಬ ನಂಬಿಕೆ ಅತಿಯಾದದ್ದು. ಒಂದು ದೊಡ್ಡ ಬೆಲ್ಲದ ತುಂಡಿನಲ್ಲಿ ಇರುವುದು ಸುಮಾರು ಒಂದು ಮಿಲಿಗ್ರಾಂ, ಹೆಣ್ಣಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ.

ಹಾಗಾದರೆ ನೀರಿನ ಉಪಾಯವನ್ನು ಪೂರ್ತಿ ಬಿಡುವುದೇ? ಬಿಡಬೇಕಾಗಿಲ್ಲ. ಟ್ಯಾಂಕಿನಿಂದ ಇಳಿಸಿ ಅಂಗನವಾಡಿಯ ಮಡಕೆಗೆ ತರಬೇಕು. ಕುದಿಸಿ ಆರಿಸಿದ ಮೇಲೆ, ಮಕ್ಕಳು ಕುಡಿಯುವ ಮೊದಲು, ಅಳತೆಯ ಕಬ್ಬಿಣ ಮತ್ತು ಲಿಂಬೆಹುಳಿ ಸೇರಿಸಿದ ಒಂದು ಮಡಕೆ ಪಾನಕ. ಲೀಟರಿಗೆ 20 ಮಿಲಿಗ್ರಾಂ ಲೆಕ್ಕ ಹಿಡಿದರೆ 200 ಮಿಲಿಲೀಟರಿನ ಒಂದು ಲೋಟದಲ್ಲಿ 4 ಮಿಲಿಗ್ರಾಂ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ 11 ಮಿಲಿಗ್ರಾಂನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ದೊಡ್ಡ ಮಾತ್ರೆ ನುಂಗಿದ ದಿನ ಮೈ ತಾನೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಪಿತ್ತಜನಕಾಂಗ ಹೊರಬಿಡುವ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನದ ಕಬ್ಬಿಣಕ್ಕೆ ತಡೆ ಬೀಳುತ್ತದೆ. ಸಣ್ಣ ಸಣ್ಣ ಪ್ರಮಾಣಕ್ಕೆ ಆ ತಡೆ ಕಡಿಮೆ. ಲೋಟದ ಉಪಾಯಕ್ಕೆ ಇದೇ ಬಲ.

ಆದರೆ ಇದು ಸಿರಪ್ಪಿನ ಮೇಲೆ ಇನ್ನೊಂದು ಪದರವಾಗಬಾರದು. ಸಿರಪ್ ಉಗಿಯುವ ಮಗುವಿಗೆ ಸಿರಪ್ಪಿನ ಬದಲು ಇದು. ಮೊದಲು ಮಗುವಿನ ರಕ್ತ ನೋಡಬೇಕು, ಬೆರಳಿನ ಹನಿಯಿಂದ ಮಾತ್ರವಲ್ಲ, ಸಾಧ್ಯವಾದ ಕಡೆ ರಕ್ತನಾಳದಿಂದ ತೆಗೆದು. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಹಾಗೆ ತೆಗೆದು ನೋಡಿದಾಗ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇಕಡಾ 40.5 ಎಂದು ಬಂತು, ಅದರಲ್ಲೂ ಕಬ್ಬಿಣದ ಕೊರತೆಯಿಂದ ಬಂದದ್ದು ಮೂರನೇ ಒಂದಕ್ಕಿಂತ ತುಸು ಹೆಚ್ಚು ಅಷ್ಟೆ. ಉಳಿದವರಿಗೆ ಬಿ12, ಫೋಲೇಟ್, ಸೋಂಕು ಹೀಗೆ ಬೇರೆ ಬೇರೆ ಕಾರಣ. ಅವರಿಗೆ ಕಬ್ಬಿಣದ ಪಾನಕ ಕುಡಿಸುವುದು ಕಾಂಬೋಡಿಯಾದ ಮೀನಿನ ಕಥೆಯೇ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲಿನ ಲೋಟಕ್ಕೂ ಕಬ್ಬಿಣಕ್ಕೂ ಹೊತ್ತು ಬೇರೆ ಇಡಬೇಕು, ಹಾಲಿನ ಸುಣ್ಣ ಕಬ್ಬಿಣವನ್ನು ತಡೆಯುತ್ತದೆ. ಹಾಲು ಬೆಳಗ್ಗೆ, ಕಬ್ಬಿಣ ಊಟದ ಹೊತ್ತಿಗೆ ಎಂದಾದರೂ ಬರೆದು ಅಂಟಿಸಲಿ.

ಸೋರುವ ಕೊಡಕ್ಕೆ ನೀರು ತುಂಬುವ ಮೊದಲು ತೂತು ಮುಚ್ಚಬೇಕು. ಮಳೆನಾಡಿನ ಒದ್ದೆ ಮಣ್ಣು ಕೊಕ್ಕೆಹುಳುವಿಗೆ ತವರು. ಬರಿಗಾಲಿನ ಚರ್ಮದಿಂದ ಒಳಹೊಕ್ಕು ಕರುಳಿನಲ್ಲಿ ಕಚ್ಚಿ ಹಿಡಿದ ಒಂದು ಹುಳು, ಜಾತಿಗೆ ತಕ್ಕಂತೆ, ದಿನಕ್ಕೆ 0.03ರಿಂದ 0.2 ಮಿಲಿಲೀಟರ್ ರಕ್ತ ಹೀರುತ್ತದೆ. ನೂರು ಹುಳುಗಳಿದ್ದರೆ ಲೆಕ್ಕ ನೀವೇ ಹಾಕಿ. ಶೌಚಾಲಯ, ಚಪ್ಪಲಿ ಬಂದ ಮೇಲೆ ಹುಳು ಕಡಿಮೆಯಾಗಿದೆ ನಿಜ. 2015ರಿಂದ ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಆಲ್ಬೆಂಡಜೋಲ್ ಕೊಡುತ್ತಾರೆ. ಆದರೆ ಅದನ್ನು ರೂಪಿಸಿದ್ದು 1ರಿಂದ 19 ವರ್ಷದವರಿಗೆ. ಜೂನ್ ಜುಲೈಯಲ್ಲಿ ಕೆಸರಿನ ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ನಿಂತ ನಲವತ್ತರ ಅಕ್ಕನನ್ನು ಯಾರು ಕೇಳಿದರು? ಬೆಂಗಳೂರಿನ ಶಾಲೆಯೊಂದರಲ್ಲಿ ಕಬ್ಬಿಣ ಬೆರೆಸಿದ ಅಕ್ಕಿಯ ಊಟವನ್ನು ಏಳು ತಿಂಗಳು ಕೊಟ್ಟು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಲ್ಲಿ ಎಲ್ಲ ಮಕ್ಕಳಿಗೂ ಮೊದಲು ಹುಳುವಿನ ಔಷಧಿ ಕೊಟ್ಟಿದ್ದರು. ಕಬ್ಬಿಣ ಸಿಗದ ಮಕ್ಕಳಲ್ಲೂ ಕೊರತೆ ಒಂದಿಷ್ಟು ಇಳಿಯಿತು, ಸಿಕ್ಕಿದವರಲ್ಲಿ ಬಹಳ ಹೆಚ್ಚು ಇಳಿಯಿತು.

ಈಗ ಬಾಲ್ದಿಯ ತಳದ ಗಸಿಗೆ ಮರಳುತ್ತೇನೆ. ಜಲಜೀವನ ಮಿಷನ್ನಿನಲ್ಲಿ ಪ್ರತಿ ಗ್ರಾಮದಲ್ಲಿ ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು ತರಬೇತಿ ಕೊಡುವ ಏರ್ಪಾಡು ಇದೆ. ಆ ಪೆಟ್ಟಿಗೆಯಲ್ಲಿ ಕಬ್ಬಿಣ ನೋಡುವ ಪರೀಕ್ಷೆಯೂ ಇದೆ. ನೀರಿನ ಬಣ್ಣ ಏರಿದಂತೆ ಕಬ್ಬಿಣ ಹೆಚ್ಚು ಎಂದು ಹೋಲಿಸಿ ಬರೆಯುತ್ತಾರೆ, ಆ ಬರಹ ಎಂಜಿನಿಯರರ ಕಡತಕ್ಕೆ ಹೋಗುತ್ತದೆ, ಹೆಚ್ಚಿದ್ದರೆ ತೆಗೆಯುವ ಯೋಜನೆಯಾಗುತ್ತದೆ. ಅದೇ ಮನೆಯ ಹೆಂಗಸಿನ ಹಿಮೋಗ್ಲೋಬಿನ್ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿದೆ, ಅದು ಕಡಬದ ಆಸ್ಪತ್ರೆಗೆ ಹೋಗುತ್ತದೆ. ಈ ಎರಡು ಪುಸ್ತಕಗಳು ಒಂದೇ ಮೇಜಿನ ಮೇಲೆ ಒಮ್ಮೆ ಪಕ್ಕಪಕ್ಕ ತೆರೆದುಕೊಳ್ಳಲಿ. ಬೋರಿನ ನೀರು ಕುಡಿಯುವ ಮನೆಗಳಲ್ಲಿ ರಕ್ತ ಎಷ್ಟಿದೆ, ತೆರೆದ ಬಾವಿಯ ಮನೆಗಳಲ್ಲಿ ಎಷ್ಟಿದೆ, ಕುದಿಸಿ ಬಸಿಯುವ ಮನೆಗಳಲ್ಲಿ ಎಷ್ಟಿದೆ ಎಂದು ಊರಿನ ಹೆಂಗಸರೇ ಕೂತು ನೋಡಲಿ. ಮಡಕೆಯನ್ನು ಯಾವ ಅಂಗನವಾಡಿಯಲ್ಲಿ ಇಡಬೇಕು, ಯಾವುದರಲ್ಲಿ ಇಡಬೇಕಾಗಿಯೇ ಇಲ್ಲ ಎನ್ನುವುದನ್ನು ಆಮೇಲೆ ಮಾತಾಡಬಹುದು.